ಗೋಲಿನ ಕಾವಲುಗಾರ ಜಿಮ್ಮಿ ಫಾಸ್ಟರ್

ಚಳಿಗಾಲದಲ್ಲಿ ಕೆರೆ ತೊರೆಗಳು ಹೆಪ್ಪುಗಟ್ಟುವ ನಾಡುಗಳಲ್ಲಿ ಐಸ್ ಹಾಕಿ ಬಹು ಜನಪ್ರಿಯವಾದ ಆಟ. ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಧರಿಸಿ ಆಟಗಾರರು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುತ್ತಾರೆ. ಚೆಂಡಿಗೆ ಬದಲಾಗಿ ಇಲ್ಲಿ ಗಟ್ಟಿ ರಬ್ಬರಿನ, 3 ಅಂಗುಲ ಅಗಲದ ಬಿಲ್ಲೆಯಿರುತ್ತದೆ. ತಂಡದ ಆರು ಮಂದಿಯಲ್ಲಿ ಐವರು ಕಣದ ತುಂಬ ಸಂಚರಿಸಿದರೆ, ಒಬ್ಬನು ಮಾತ್ರ 6 ಅಡಿ ಅಗಲ, 4 ಅಡಿ ಎತ್ತರದ ಗೋಲನ್ನು ಕಾಯುತ್ತ ನಿಲ್ಲುತ್ತಾನೆ. ಬಾಣದಂತೆ ನುಗ್ಗಿ ಬರುವ ಬಿಲ್ಲೆಗೆ ಆತನು ಮೈಯೊಡ್ಡಬೇಕು. 1930ರ ದಶಕದಲ್ಲಿ ಗೋಲ್‌ರಕ್ಷಕರು ಮುಖಕವಚ ಧರಿಸುವ ರೂಢಿಯೂ ಇರಲಿಲ್ಲ.

ಇಂತಹ ರಕ್ಷಕರಲ್ಲಿ ಹೆಸರಾಂತವನಾದ ಜಿಮ್ಮಿ ಫಾಸ್ಟರ್ 1905ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಕೆನಡಾಕ್ಕೆ ವಲಸೆ ಹೋಗಿ, ವಿನಿಪೆಗ್ ನಗರದಲ್ಲಿ ಬೆಳೆದು, ಅಲ್ಲಿಯ ಹವ್ಯಾಸಿ ತಂಡಗಳಲ್ಲಿ ಪಳಗಿದನು. ಮುಂದೆ ಆತನು ಸೇರಿದ ಮಾಂಕ್ಟನ್ ಹಾಕ್ಸ್ ತಂಡವು ಕೆನಡಾದ ಹವ್ಯಾಸಿಗಳ ಪರಮೋಚ್ಚ ಪಾರಿತೋಷಕವಾದ ಅಲನ್ ಕಪ್ಪನ್ನು 1933 ಮತ್ತು 1934ರಲ್ಲಿ ಗೆದ್ದಿತು. ಆ ತಂಡದ ತರಬೇತುದಾರ ಪರ್ಸಿ ನಿಕ್ಲಿನ್ ಅನಂತರ ಬ್ರಿಟನ್ ತಂಡದ ಹೊಣೆ ಹೊತ್ತನು. 1935ರಲ್ಲಿ ಫಾಸ್ಟರ್ ಕೂಡ ಇಂಗ್ಲೆಂಡಿಗೆ ಬಂದನು. ಹುಟ್ಟಿನಿಂದ ಬ್ರಿಟಿಷನಾದುದರಿಂದ ಆ ದೇಶದ ಪರವಾಗಿ ಆಡುವ ಹಕ್ಕು ಆತನಿಗಿತ್ತು.

ಆದರೆ ಅನುಮತಿಯಿಲ್ಲದೆ ಹೊರಟು ಬಂದನೆಂದು ಕೆನಡಾದ ಹಾಕಿ ಸಂಸ್ಥೆಯು ಆತನನ್ನು ಆಟದಿಂದ ಅಮಾನತುಗೊಳಿಸಿತ್ತು. 1936ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಿಗಾಗಿ ತಂಡಗಳು ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಖೆನ್‌ನಲ್ಲಿ ನೆರೆದಾಗಲೂ ವಿವಾದ ಬಗೆಹರಿದಿರಲಿಲ್ಲ. ಕೊನೆಗೆ ಕೆನಡಾ ಆ ಕ್ರೀಡೆಗಳ ಮಟ್ಟಿಗೆ ತನ್ನ ಆಕ್ಷೇಪವನ್ನು ಹಿಂತೆಗೆದುಕೊಂಡಿತು. ಫಾಸ್ಟರ್ ಕಣಕ್ಕಿಳಿದನು.

ಅದುವರೆಗಿನ ನಾಲ್ಕು ಒಲಿಂಪಿಕ್ ಪಂದ್ಯಾವಳಿಗಳಲ್ಲಿಯೂ ಸ್ವರ್ಣ ಕೆನಡಾದ್ದೇ ಆಗಿತ್ತು. ಫೆಬ್ರವರಿ 11ರಂದು ಬ್ರಿಟನ್ ಆ ಬಲಿಷ್ಠ ತಂಡವನ್ನು ಎದುರಿಸಿತು. ತನ್ನನ್ನು ಬೆಳೆಸಿದ ನಾಡಿನ ಆಟಗಾರರ ದಾಳಿಯನ್ನು ಫಾಸ್ಟರ್ ತಡೆಯಬೇಕಾಯಿತು. ಆತನು ಬಿಟ್ಟುಕೊಟ್ಟದ್ದು ಒಂದೇ ಗೋಲು. ಬ್ರಿಟನ್ 2-1ರಿಂದ ಗೆದ್ದಿತು. ಅಮೆರಿಕದೊಡನೆ ನಡೆದ ಕಡೆಯ ಪಂದ್ಯವು ಮೂರು ಹೆಚ್ಚುವರಿ ಅವಧಿಗಳ ಬಳಿಕವೂ ಗೋಲಿಲ್ಲದೆ ಸಮವಾಯಿತು. ಮರುದಿನ ಕೆನಡಾ ಅಮೆರಿಕವನ್ನು ಮಣಿಸಿದಾಗ, ಅಂಕಗಳ ಆಧಾರದಿಂದ ಸ್ವರ್ಣ ಬ್ರಿಟನ್ನಿಗೆ ಒಲಿಯಿತು. ಏಳು ಪಂದ್ಯಗಳಲ್ಲಿ ಬ್ರಿಟನ್ನಿನ ಗೋಲನ್ನು ಹೊಕ್ಕ ಬಿಲ್ಲೆಗಳು ಕೇವಲ ಮೂರು. ನಾಲ್ಕು ಪಂದ್ಯಗಳಲ್ಲಿ ಒಂದೂ ಇಲ್ಲ.

1937 ಮತ್ತು 1938ರ ವಿಶ್ವ ಪಂದ್ಯಾವಳಿಗಳಲ್ಲಿ ಬ್ರಿಟನ್ ಎರಡನೆಯ ಸ್ಥಾನ ಪಡೆಯಿತು. ಕಾಲಾನಂತರ ಕೆನಡಾಕ್ಕೆ ಮರಳಿದ ಫಾಸ್ಟರ್ 1969ರಲ್ಲಿ ತೀರಿಕೊಂಡನು. ಐಸ್ ಹಾಕಿಯಲ್ಲಿ ಬ್ರಿಟನ್ ಪಡೆದ ಒಲಿಂಪಿಕ್ ಸ್ವರ್ಣ ಅದೊಂದೇ.

ಗೋಲು ಹೊಡೆದವನ ಹೆಸರು ದಾಖಲೆಗೆ ಸೇರುತ್ತದೆ. ತಡೆದವನ ಸಾಧನೆ ಅಲ್ಲಿ ಸೊನ್ನೆಯಾಗಿ ಕಾಣುತ್ತದೆ. ಆ ಸೊನ್ನೆಯನ್ನು ಕೊನೆಯ ಕ್ಷಣದವರೆಗೆ ಉಳಿಸಿಕೊಳ್ಳುವುದಕ್ಕೆ ಎಂತಹ ಎಚ್ಚರ, ಎಂತಹ ಧೈರ್ಯ ಬೇಕೆಂಬುದನ್ನು ಫಾಸ್ಟರನ ಜೀವನವು ತಿಳಿಸುತ್ತದೆ.