ರಕ್ತನಾಳದ ಗುಟ್ಟರಿತ ವಿದ್ವಾಂಸ ಇಬ್ನುನ್ನಫೀಸ್

ಧಾರ್ಮಿಕ ಜ್ಞಾನ ಬೇರೆ, ಲೌಕಿಕ ಜ್ಞಾನ ಬೇರೆ ಎಂದು ಗೆರೆ ಎಳೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರು ಅಲಾಉದ್ದೀನ್ ಇಬ್ನುನ್ನಫೀಸ್‌ರ ಜೀವನವನ್ನು ಅರಿಯಬೇಕು.

ಅವರು ಸುಮಾರು ಕ್ರಿ.ಶ. 1213ರಲ್ಲಿ ದಮಾಸ್ಕಸ್ ಪರಿಸರದಲ್ಲಿ ಜನಿಸಿದರು. ಸುಲ್ತಾನ್ ನೂರುದ್ದೀನ್ ಝಂಗಿ ಕಟ್ಟಿಸಿದ್ದ ನೂರಿ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರ ಕಲಿತು, ಬಳಿಕ ಕೈರೋಗೆ ತೆರಳಿದರು. ಅಲ್ಲಿ ಹೆಸರಾಂತ ವೈದ್ಯರಾದರು. ಜೊತೆಗೆ ಮಸ್ರೂರಿಯಾ ಮದ್ರಸದಲ್ಲಿ ಶಾಫಿಈ ಕರ್ಮಶಾಸ್ತ್ರವನ್ನೂ ಬೋಧಿಸಿದರು.

ಅಂದಿನ ವೈದ್ಯರಿಗೆ ಗ್ರೀಕ್ ವೈದ್ಯ ಗ್ಯಾಲೆನನ ಮಾತೇ ಪ್ರಮಾಣ. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತವು ಬಲಕೋಣೆಯಿಂದ ಎಡಕೋಣೆಗೆ ಸೋರುತ್ತದೆ ಎಂದು ಆತ ಹೇಳಿದ್ದ. ಸಾವಿರ ವರ್ಷಗಳಿಂದ ಇದನ್ನೇ ನಂಬಿಕೊಂಡು ಬರಲಾಗಿತ್ತು. 1242ರಲ್ಲಿ ಇಬ್ನು ಸೀನಾರ 'ಕಾನೂನ್' ಗ್ರಂಥದ ಶರೀರರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತಾ, ಮೂವತ್ತೂ ತುಂಬದ ಇಬ್ನುನ್ನಫೀಸ್ ಇದನ್ನು ನಿರಾಕರಿಸಿದರು. ಆ ಗೋಡೆ ದಪ್ಪವಾಗಿದೆ, ಅದರಲ್ಲಿ ರಂಧ್ರಗಳಿಲ್ಲ. ರಕ್ತವು ಶ್ವಾಸಕೋಶಕ್ಕೆ ಹೋಗಿ, ಗಾಳಿಯೊಂದಿಗೆ ಬೆರೆತು, ಎಡಕೋಣೆಗೆ ಬರುತ್ತದೆ ಎಂದು ವಿವರಿಸಿದರು. ಹಿರಿಯರನ್ನು ಗೌರವಿಸುವುದೆಂದರೆ ಅವರ ತಪ್ಪನ್ನೂ ಒಪ್ಪಿಕೊಳ್ಳುವುದಲ್ಲ ಎಂಬುದಕ್ಕೆ ಇದು ನಿದರ್ಶನ.

ನಾಳಗಳ ಭಿತ್ತಿಯನ್ನೂ ಅವರು ಗಮನಿಸಿದ್ದರು. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳ ಎರಡು ಪದರಗಳಿಂದ ಗಟ್ಟಿಯಾಗಿದೆ. ಮರಳಿ ತರುವ ನಾಳ ತೆಳುವಾಗಿದೆ. ಗಟ್ಟಿ ಭಿತ್ತಿಯಿಂದ ರಕ್ತದ ಸೂಕ್ಷ್ಮ ಅಂಶ ಮಾತ್ರ ಜಿನುಗಲಿ, ತೆಳು ಭಿತ್ತಿ ಅದನ್ನು ಸುಲಭವಾಗಿ ಹೀರಿಕೊಳ್ಳಲಿ ಎಂಬುದೇ ಈ ವ್ಯತ್ಯಾಸದ ಉದ್ದೇಶವೆಂದು ಅವರು ತರ್ಕಿಸಿದರು. ಈ ವಿವರಣೆಯನ್ನು ಇಂದಿನ ವಿಜ್ಞಾನ ತಿದ್ದಿದೆ. ಆದರೆ ಭಿತ್ತಿಯ ಗುಣವನ್ನು ಅರಿಯದೆ ರಕ್ತದ ನಡೆಯನ್ನು ಅರಿಯಲಾಗದು ಎಂಬ ಮಾತು ಇಂದಿಗೂ ಸತ್ಯ.

ತೋಳಿಗೆ ಪಟ್ಟಿ ಸುತ್ತದೆಯೇ ರಕ್ತದೊತ್ತಡ ತಿಳಿಸುವ ಕೈಗಡಿಯಾರಗಳು ಈಗ ಬಂದಿವೆ. ಹೃದಯದ ಪ್ರತಿ ಬಡಿತಕ್ಕೂ ನಾಳಗಳಲ್ಲಿ ಒಂದು ಅಲೆ ಹರಿಯುತ್ತದೆ. ಅದರ ವೇಗ ಅಥವಾ ಆಕಾರದಿಂದ ಒತ್ತಡವನ್ನು ಅಂದಾಜು ಮಾಡುವುದು ಇವುಗಳ ವಿಧಾನ. ಆದರೆ ವಯಸ್ಸಾದಂತೆ ನಾಳದ ಭಿತ್ತಿ ಪೆಡಸಾಗುತ್ತದೆ. ಪೆಡಸಾದ ನಾಳದಲ್ಲಿ ಅಲೆ ಬೇಗ ಓಡುತ್ತದೆ. ವೇಗ ಹೆಚ್ಚಿದ್ದು ಒತ್ತಡದಿಂದಲೋ ವಯಸ್ಸಿನಿಂದಲೋ ಎಂದು ಉಪಕರಣ ಎಡವಬಹುದು. ಆದ್ದರಿಂದಲೇ ರೋಗನಿರ್ಣಯಕ್ಕಾಗಲಿ ಚಿಕಿತ್ಸೆಗಾಗಲಿ ಇವುಗಳನ್ನು ಅವಲಂಬಿಸಬಾರದೆಂದು ಯುರೋಪಿನ ರಕ್ತದೊತ್ತಡ ತಜ್ಞರ ಸಂಘ 2023ರಲ್ಲಿ ಸೂಚಿಸಿತು. ಗಡಿಯಾರ ನೋಡಿ ಮನೆಯ ಹಿರಿಯರ ಮಾತ್ರೆ ನಿಲ್ಲಿಸುವವರು ಇದನ್ನು ನೆನಪಿಡಬೇಕು. ಶರೀರವು ಅಲ್ಲಾಹನು ಒಪ್ಪಿಸಿದ ಅಮಾನತ್ತು.

ಆ ಅಮಾನತ್ತನ್ನು ಇಬ್ನುನ್ನಫೀಸ್ ಕೊನೆಯವರೆಗೂ ಕಾಪಾಡಿದರು. ಅಂತಿಮ ಕಾಯಿಲೆಯಲ್ಲಿ ಸಹವೈದ್ಯರು ಔಷಧಿಯೆಂದು ಮದ್ಯ ಸೂಚಿಸಿದಾಗ, ಹೊಟ್ಟೆಯಲ್ಲಿ ಮದ್ಯವನ್ನಿಟ್ಟುಕೊಂಡು ತನ್ನ ಪ್ರಭುವನ್ನು ಭೇಟಿಯಾಗಲಾರೆನೆಂದು ಅವರು ನಿರಾಕರಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಹಿ.ಶ. 687ರಲ್ಲಿ, ಅಂದರೆ ಕ್ರಿ.ಶ. 1288ರಲ್ಲಿ ಅವರು ನಿಧನರಾದರು. ತಮ್ಮ ಮನೆಯನ್ನೂ ಗ್ರಂಥ ಭಂಡಾರವನ್ನೂ ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದರು.

ಅವರ ಆವಿಷ್ಕಾರವನ್ನು ಜಗತ್ತು ಬಹುಕಾಲ ಮರೆತಿತ್ತು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹ್ಯಿದ್ದೀನ್ ತತಾವಿ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯಿಂದ ಅದನ್ನು ಬೆಳಕಿಗೆ ತಂದರು. ಪ್ರಾಮಾಣಿಕ ಶ್ರಮವನ್ನು ಜನರು ಮರೆತರೂ ಅಲ್ಲಾಹನು ಮರೆಯುವುದಿಲ್ಲ. ಅವನು ಅವರ ಮೇಲೆ ಕರುಣೆ ತೋರಲಿ. ನಮ್ಮ ಮಕ್ಕಳಿಗೆ ಉಭಯ ಜ್ಞಾನಗಳನ್ನೂ ದಯಪಾಲಿಸಲಿ. ಆಮೀನ್.