ಗೌಸ್‌ನ ಬದುಕಿಗೆ ತಿರುವು ಕೊಟ್ಟ ಹದಿನೇಳು ಭುಜಗಳು

ಭಾಷಾಶಾಸ್ತ್ರವೋ, ಗಣಿತವೋ? ಜರ್ಮನಿಯ ಗೊಟಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಲ್ ಫ್ರೆಡ್ರಿಕ್ ಗೌಸ್‌ನನ್ನು 1796ರ ಆರಂಭದಲ್ಲಿ ಕಾಡುತ್ತಿದ್ದ ಪ್ರಶ್ನೆಯಿದು. ಕೊನೆಗೆ ಈ ಗೊಂದಲವನ್ನು ಬಗೆಹರಿಸಿದ್ದು ಒಂದು ಕೋನದ ಕೊಸೈನ್ ಬೆಲೆ!

ಗೌಸ್ ಜನಿಸಿದ್ದು 1777ರ ಏಪ್ರಿಲ್ 30ರಂದು, ಬ್ರೌನ್‌ಶ್ವೈಗ್ ನಗರದ ಬಡ ಕುಟುಂಬದಲ್ಲಿ. ತಂದೆ ಕೂಲಿ, ತೋಟಗಾರಿಕೆ ಮಾಡಿ ಸಂಸಾರ ತೂಗಿಸುತ್ತಿದ್ದ. ಬಾಲಕನ ಪ್ರತಿಭೆಗೆ ಮಾರುಹೋದ ಅಲ್ಲಿನ ಡ್ಯೂಕ್ ಕಾರ್ಲ್ ವಿಲ್‌ಹೆಲ್ಮ್ ಫರ್ಡಿನಾಂಡ್ ವಿದ್ಯಾಭ್ಯಾಸಕ್ಕೆ ನೆರವಾದ. ಆ ಆಸರೆಯಿಂದಲೇ ಗೌಸ್ 1795ರಲ್ಲಿ ಗೊಟಿಂಗೆನ್ ಸೇರಿದ.

ಗುರುತುಗಳಿಲ್ಲದ ಪಟ್ಟಿ ಹಾಗೂ ಕೈವಾರವನ್ನಷ್ಟೇ ಬಳಸಿ, ಎಲ್ಲ ಭುಜಗಳೂ ಕೋನಗಳೂ ಸಮನಾಗಿರುವ ಆಕೃತಿ ರಚಿಸುವುದು ಪ್ರಾಚೀನ ಗ್ರೀಕರ ಸವಾಲು. ತ್ರಿಭುಜ, ಪಂಚಭುಜ ಅವರಿಗೆ ಒಲಿದಿದ್ದವು. ಹದಿನೇಳು ಭುಜಗಳ ಆಕೃತಿ ಮಾತ್ರ ಎರಡು ಸಾವಿರ ವರ್ಷ ಯಾರ ಕೈಗೂ ಸಿಕ್ಕಿರಲಿಲ್ಲ.

ಗೌಸ್ ಚಿತ್ರವನ್ನು ಬದಿಗಿಟ್ಟು ಸಂಖ್ಯೆಗಳತ್ತ ಹೊರಳಿದ. ಹದಿನೇಳು ಬಾರಿ ತನ್ನಿಂದಲೇ ಗುಣಿಸಿದಾಗ 1 ಬರುವ ಸಂಖ್ಯೆಗಳು ಸಂಕೀರ್ಣ ಸಂಖ್ಯೆಗಳ ಲೋಕದಲ್ಲಿ ಒಟ್ಟು 17. ಇವು ಒಂದು ವೃತ್ತದ ಮೇಲೆ ಸಮಾನ ಅಂತರದಲ್ಲಿ ನಿಲ್ಲುತ್ತವೆ; ಅವೇ ಬಯಸಿದ ಆಕೃತಿಯ ಶೃಂಗಗಳು. 1ನ್ನು ಬಿಟ್ಟರೆ ಉಳಿದ 16ರ ಮೊತ್ತ −1. ಅವನ್ನು ಒಂದು ವಿಶಿಷ್ಟ ಕ್ರಮದಲ್ಲಿ ಎಂಟೆಂಟರ ಎರಡು ಗುಂಪು ಮಾಡಿದರೆ, ಎರಡೂ ಗುಂಪುಗಳ ಮೊತ್ತಗಳ ಗುಣಲಬ್ಧ −4. ಹಾಗಾಗಿ ಒಂದು ವರ್ಗ ಸಮೀಕರಣದಿಂದಲೇ ಆ ಮೊತ್ತಗಳು ದೊರೆಯುತ್ತವೆ. ಹೀಗೆಯೇ ಎಂಟನ್ನು ನಾಲ್ಕಾಗಿ, ನಾಲ್ಕನ್ನು ಎರಡಾಗಿ ಒಡೆದಾಗ, ಕೊನೆಯ ಜೋಡಿಯೊಂದರ ಮೊತ್ತದ ಅರ್ಧವೇ 360/17 ಡಿಗ್ರಿಯ ಕೊಸೈನ್. ಅದರ ಬೆಲೆ ಸುಮಾರು 0.932. ಆದರೆ ಗೌಸ್‌ಗೆ ದಕ್ಕಿದ್ದು ಅಂದಾಜಲ್ಲ, ಕೇವಲ ವರ್ಗಮೂಲಗಳಿಂದ ಕೂಡಿದ ನಿಖರ ಬೆಲೆ. ವರ್ಗಮೂಲವನ್ನು ಕೈವಾರ ಗುರುತಿಸಬಲ್ಲದು. ಆದ್ದರಿಂದ ಆಕೃತಿಯೂ ಸಾಧ್ಯ. ಪಂಚಭುಜಕ್ಕೂ ಇದೇ ದಾರಿ: 72 ಡಿಗ್ರಿಯ ಕೊಸೈನ್ (√5−1)/4.

ಅಂದು 1796ರ ಮಾರ್ಚ್ 30. ಗೌಸ್‌ಗೆ ಇನ್ನೂ 19 ತುಂಬಿರಲಿಲ್ಲ. ಅಂದೇ ಆರಂಭಿಸಿದ ಗಣಿತದ ದಿನಚರಿಯ ಮೊದಲ ಬರಹ ಇದೇ ಶೋಧ. ಭಾಷಾಶಾಸ್ತ್ರ ಹಿಂದೆ ಸರಿಯಿತು. 1801ರಲ್ಲಿ ಪ್ರಕಟವಾದ ಸಂಖ್ಯಾಶಾಸ್ತ್ರದ ಮಹಾಗ್ರಂಥದ ಕೊನೆಯ ಭಾಗದಲ್ಲಿ, ಇಂತಹ ಯಾವ ಯಾವ ಆಕೃತಿಗಳು ಸಾಧ್ಯವೆಂಬುದನ್ನೂ ಗೌಸ್ ವಿವರಿಸಿದ. ಉಳಿದವು ಅಸಾಧ್ಯವೆಂಬುದಕ್ಕೆ 1837ರಲ್ಲಿ ಪುರಾವೆ ನೀಡಿದಾತ ಫ್ರಾನ್ಸಿನ ಪಿಯೆರ್ ವಾಂಟ್ಸೆಲ್.

ಸೆರೆಸ್ ಆಕಾಶಕಾಯದ ಕಕ್ಷೆಯ ಲೆಕ್ಕಾಚಾರದಿಂದ ಯುರೋಪಿನಾದ್ಯಂತ ಹೆಸರಾದ ಗೌಸ್, 1807ರಲ್ಲಿ ಗೊಟಿಂಗೆನ್ ವೀಕ್ಷಣಾಲಯದ ನಿರ್ದೇಶಕನಾದ. 1855ರ ಫೆಬ್ರವರಿ 23ರಂದು ಅಲ್ಲಿಯೇ ನಿಧನ ಹೊಂದಿದ. ಹುಟ್ಟೂರಿನಲ್ಲಿರುವ ಪ್ರತಿಮೆಯ ಪೀಠದ ಮೇಲೆ ಹದಿನೇಳು ಮೊನೆಗಳ ನಕ್ಷತ್ರವೊಂದಿದೆ. ಹದಿಹರೆಯದ ಆ ಒಂದು ದಿನವನ್ನು ಊರು ಮರೆತಿಲ್ಲ.