ಕಿವಿ ಉಳಿಸಿದ ಸೂಪ್: ಚೀನಾದ ವೈದ್ಯ ಜಾಂಗ್ ಜೋಂಗ್‌ಜಿಂಗ್ ನಿಜಕ್ಕೂ ಬರೆದದ್ದೇನು?

ಡಿಸೆಂಬರ್ 21 ಅಥವಾ 22 ವರ್ಷದ ಅತಿ ದೀರ್ಘ ರಾತ್ರಿ. ಆ ದಿನ ಉತ್ತರ ಚೀನಾದ ಮನೆಗಳಲ್ಲಿ ಜಿಯಾವೊಜಿ ತಿನ್ನುತ್ತಾರೆ. ನೋಡಲು ನಮ್ಮ ಕರ್ಜಿಕಾಯಿಯಂತೆಯೇ ಇರುತ್ತದೆ. ಆದರೆ ಒಳಗೆ ಕಾಯಿ-ಬೆಲ್ಲದ ಬದಲು ಮಾಂಸ, ತರಕಾರಿ. ಎಣ್ಣೆಯಲ್ಲಿ ಕರಿಯುವ ಬದಲು ನೀರಿನಲ್ಲಿ ಬೇಯಿಸುತ್ತಾರೆ. ಅಂದು ಇದನ್ನು ತಿನ್ನದಿದ್ದರೆ ಚಳಿಗೆ ಕಿವಿ ಉದುರಿಹೋಗುತ್ತದೆ ಎಂದು ಮಕ್ಕಳನ್ನು ಹೆದರಿಸುವುದೂ ಉಂಟು.

ಇದರ ಹಿಂದಿನ ಕಥೆ ಅಂತರ್ಜಾಲದಲ್ಲಿ ತುಂಬಾ ಓಡಾಡುತ್ತದೆ. ಹಾನ್ ರಾಜವಂಶದ ಕೊನೆಗಾಲದಲ್ಲಿದ್ದ ವೈದ್ಯ ಜಾಂಗ್ ಜೋಂಗ್‌ಜಿಂಗ್ ಚಳಿಗಾಲದಲ್ಲಿ ಊರಿಗೆ ಮರಳಿದಾಗ ಬಡವರ ಕಿವಿಗಳು ಶೀತಕ್ಕೆ ಹುಣ್ಣಾಗಿದ್ದನ್ನು ಕಂಡನಂತೆ. ಡೇರೆ ಹಾಕಿಸಿ, ಕುರಿಮಾಂಸ, ಮೆಣಸಿನಕಾಯಿ ಮತ್ತು ಗಿಡಮೂಲಿಕೆಗಳನ್ನು ಬೇಯಿಸಿ, ಕೊಚ್ಚಿ, ಹಿಟ್ಟಿನೊಳಗೆ ತುಂಬಿ ಕಿವಿಯ ಆಕಾರಕ್ಕೆ ಮಡಚಿ, ಬಿಸಿ ಸೂಪಿನೊಂದಿಗೆ ಹಂಚಿದನಂತೆ. ಎಲ್ಲರ ಕಿವಿ ವಾಸಿಯಾಯಿತಂತೆ.

ವೈದ್ಯನಿದ್ದದ್ದು ನಿಜ. ಕಥೆ ಎಷ್ಟು ನಿಜ?

ಮನೆಯವರನ್ನು ಕಳೆದುಕೊಂಡ ವೈದ್ಯ

ಜಾಂಗ್ ಹುಟ್ಟಿದ್ದು ಸುಮಾರು ಕ್ರಿ.ಶ. 150ರಲ್ಲಿ, ಇಂದಿನ ಹೆನಾನ್ ಪ್ರಾಂತ್ಯದ ನಾನ್‌ಯಾಂಗ್ ಸೀಮೆಯಲ್ಲಿ. ತೀರಿಕೊಂಡದ್ದು ಸುಮಾರು 219ರಲ್ಲಿ. ಅವನು ಚಾಂಗ್‌ಶಾ ಪ್ರದೇಶದ ಆಡಳಿತಾಧಿಕಾರಿಯಾಗಿದ್ದ ಎಂದು ನಂತರದವರು ಬರೆದಿದ್ದಾರೆ. ಆದರೆ ಆ ಕಾಲದ ರಾಜಮನೆತನಗಳ ಅಧಿಕೃತ ಇತಿಹಾಸಗಳಲ್ಲಿ ಅವನ ಜೀವನಚರಿತ್ರೆಯೇ ಇಲ್ಲ.

ಅವನ ಬದುಕಿನ ಬಗ್ಗೆ ಹೆಚ್ಚು ತಿಳಿಸುವುದು ಅವನ ಹೆಸರಿನಲ್ಲಿರುವ ಗ್ರಂಥದ ಮುನ್ನುಡಿ. ಅದರ ಪ್ರಕಾರ ಅವನ ಬಂಧುಬಳಗದಲ್ಲಿ 200ಕ್ಕೂ ಹೆಚ್ಚು ಜನರಿದ್ದರು. ಕ್ರಿ.ಶ. 196ರ ನಂತರ ಹತ್ತು ವರ್ಷ ತುಂಬುವ ಮೊದಲೇ ಅವರಲ್ಲಿ ಮೂರನೇ ಎರಡು ಭಾಗ ಜನ ಸತ್ತರು. ಸತ್ತ ಪ್ರತಿ ಹತ್ತು ಮಂದಿಯಲ್ಲಿ ಏಳು ಮಂದಿಯನ್ನು ಬಲಿ ಪಡೆದದ್ದು 'ಶಾಂಗ್‌ಹಾನ್', ಅಂದರೆ ಶೀತದ ಏಟು. ಆಗಿನವರು ಹಲವು ಬಗೆಯ ಜ್ವರಗಳನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು. ರೋಗಾಣುಗಳ ಪರಿಚಯವೇ ಇಲ್ಲದ ಕಾಲದಲ್ಲಿ, ಚಳಿಯೇ ಮೈಯೊಳಗೆ ಹೊಕ್ಕು ಜ್ವರವಾಗುತ್ತದೆ ಎಂದು ನಂಬಿದ್ದರು. ಇಂದಿನ ಚೀನೀ ಭಾಷೆಯಲ್ಲಿ ಟೈಫಾಯ್ಡ್‌ಗೆ ಇರುವ ಹೆಸರೂ ಇದೇ.

ಈ ಸಾವುಗಳನ್ನು ನೋಡಿದ ಜಾಂಗ್ ಹಳೆಯ ಗ್ರಂಥಗಳನ್ನು ಓದಿ, ಔಷಧ ಕ್ರಮಗಳನ್ನು ಕಲೆಹಾಕಿ, ಶೀತಜ್ವರ ಮತ್ತು ಇತರ ಕಾಯಿಲೆಗಳ ಬಗ್ಗೆ ಗ್ರಂಥ ಬರೆದ. ಯುದ್ಧದ ದಿನಗಳಲ್ಲಿ ಅದು ಚದುರಿಹೋಯಿತು. 3ನೇ ಶತಮಾನದಲ್ಲಿ ವಾಂಗ್ ಶುಹೆ ಎಂಬ ವೈದ್ಯ ಸಿಕ್ಕಿದ್ದನ್ನು ಒಟ್ಟುಮಾಡಿದ. 1065ರಲ್ಲಿ ಸಾಂಗ್ ರಾಜವಂಶದ ಸರ್ಕಾರ ಅದನ್ನು ಪರಿಷ್ಕರಿಸಿ ಅಚ್ಚು ಹಾಕಿಸಿತು. ಈಗ ಅದು 'ಶಾಂಗ್‌ಹಾನ್ ಲುನ್' ಮತ್ತು 'ಜಿನ್‌ಗುಯ್ ಯಾವೊಲ್ಯೂಯೆ' ಎಂಬ ಎರಡು ಪುಸ್ತಕಗಳಾಗಿ ಉಳಿದಿದೆ.

ಕಥೆಯ ಸೂಪ್ ಪುಸ್ತಕದಲ್ಲಿ ಇದೆಯೇ?

ಇಲ್ಲ. ಕಿವಿಯ ಆಕಾರದ ಕಡುಬು ಈ ಎರಡೂ ಪುಸ್ತಕಗಳಲ್ಲಿ ಕಾಣುವುದಿಲ್ಲ. ಕಥೆಯ ಮೆಣಸಿನಕಾಯಿಯಂತೂ ಆಗ ಚೀನಾದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದು ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲಷ್ಟೇ ಹೊರಜಗತ್ತಿಗೆ ಬಂತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅದೇ. ಚೀನಾದ ಬರಹಗಳಲ್ಲಿ ಮೆಣಸಿನಕಾಯಿಯ ಪ್ರಸ್ತಾಪ ಬರುವುದು 16ನೇ ಶತಮಾನದ ಕೊನೆಯಲ್ಲಿ, ಜಾಂಗ್ ಸತ್ತು 1,300 ವರ್ಷಗಳು ಕಳೆದ ಮೇಲೆ.

ಆದರೆ ಇನ್ನೊಂದು ಸೂಪ್ ಪುಸ್ತಕದಲ್ಲಿ ನಿಜವಾಗಿಯೂ ಇದೆ. ಕುರಿಮಾಂಸ, ಹಸಿ ಶುಂಠಿ ಮತ್ತು ದಾಂಗ್‌ಗುಯ್ ಎಂಬ ಬೇರು ಹಾಕಿ ಕುದಿಸುವ ಸೂಪ್ ಅದು. ಚೀನಾದ ಮನೆಗಳಲ್ಲಿ ಇಂದಿಗೂ ಚಳಿಗಾಲದಲ್ಲಿ ಮಾಡುತ್ತಾರೆ. ಜಾಂಗ್ ಅದನ್ನು ಹೇಳಿದ್ದು ಕಿವಿಗಲ್ಲ, ಶೀತದಿಂದ ಬಂದದ್ದೆಂದು ತಿಳಿದಿದ್ದ ಹೊಟ್ಟೆನೋವಿಗೆ ಮತ್ತು ಬಾಣಂತಿಯರ ಹೊಟ್ಟೆನೋವಿಗೆ. ಚೀನೀ ಭಾಷೆಯ 'ಟಾಂಗ್' ಎಂಬ ಪದಕ್ಕೆ ಸೂಪ್ ಮತ್ತು ಕಷಾಯ ಎರಡೂ ಅರ್ಥಗಳಿವೆ. ಹಾಗಾಗಿ ಅಡುಗೆ ಎಲ್ಲಿ ಮುಗಿದು ಔಷಧ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ.

ಒಂದೇ ಕಷಾಯ ಎಲ್ಲರಿಗೂ ಅಲ್ಲ

ಅವನ ಹೆಸರಾಂತ ಕಷಾಯ 'ಗುಯ್‌ಜಿ ಟಾಂಗ್'. ದಾಲ್ಚಿನ್ನಿ ಗಿಡದ ಎಳೆ ಕಡ್ಡಿ, ಶುಂಠಿ, ಒಣ ಬೋರೆಹಣ್ಣು, ಜೇಷ್ಠಮಧು ಮತ್ತು ಪಿಯೋನಿ ಗಿಡದ ಬೇರು ಇದರಲ್ಲಿವೆ. ಕುಡಿದ ಮೇಲೆ ಬಿಸಿ ತಿಳಿಗಂಜಿ ಕುಡಿದು ಹೊದ್ದು ಮಲಗಬೇಕು. ಮೈ ಸಣ್ಣಗೆ ಬೆವರಬೇಕೇ ಹೊರತು ನೀರಿಳಿಯುವಂತೆ ಬೆವರಬಾರದು. ಒಂದು ಸಲ ಕುಡಿದೇ ಗುಣವಾದರೆ ಉಳಿದದ್ದನ್ನು ಕುಡಿಯಬೇಕಿಲ್ಲ. ಮದ್ಯ ಕುಡಿಯುವ ಅಭ್ಯಾಸವಿರುವವರಿಗೆ ಕೊಡಬಾರದು. ಇದನ್ನು ಕುಡಿಯುವ ದಿನಗಳಲ್ಲಿ ಮಾಂಸ ತಿನ್ನಬಾರದು.

ಗಮನಿಸಿ: ಹೊಟ್ಟೆನೋವಿಗೆ ಕುರಿಮಾಂಸದ ಸೂಪ್ ಹೇಳಿದ ಅದೇ ವೈದ್ಯ ಜ್ವರದವನಿಗೆ ಮಾಂಸವೇ ಬೇಡ ಎಂದ. ಮುನ್ನುಡಿಯಲ್ಲಿ ಅವನ ಸಿಟ್ಟು ತಿರುಗುವುದೂ ಇಂಥದ್ದೇ ವಿಷಯಕ್ಕೆ. ರೋಗಿಯನ್ನು ಕ್ಷಣಹೊತ್ತು ನೋಡಿ, ನಾಡಿಯನ್ನೂ ಸರಿಯಾಗಿ ಹಿಡಿಯದೆ ಕಷಾಯ ಬರೆದುಕೊಡುವ ವೈದ್ಯರನ್ನು ಅವನು ಅಲ್ಲಿ ಕಟುವಾಗಿ ಟೀಕಿಸುತ್ತಾನೆ. ಅಂಥವನ ಹೆಸರಿನಲ್ಲಿ, ರೋಗಿಯನ್ನು ನೋಡದೆಯೇ ಲಕ್ಷಾಂತರ ಜನರಿಗೆ ಒಂದೇ ಸೂಪ್ ಹೇಳುವ ಸಂದೇಶಗಳು ಹರಿದಾಡುತ್ತಿವೆ.

ವಿಜ್ಞಾನ ಏನು ಹೇಳುತ್ತದೆ?

ಬಿಸಿ ಸೂಪ್ ಅಥವಾ ಶುಂಠಿ ಚಹಾ ಕುಡಿದರೆ ಗಂಟಲಿಗೆ ಹಿತ, ಕಟ್ಟಿದ ಮೂಗು ಸಡಿಲವಾದಂತೆ ಅನಿಸುತ್ತದೆ, ದೇಹಕ್ಕೆ ನೀರೂ ಸಿಗುತ್ತದೆ. ನೆಗಡಿಯ ವೈರಸ್ಸನ್ನು ಅದು ಕೊಲ್ಲುವುದಿಲ್ಲ.

ಮೂಲಿಕೆಗಳ ವಿಷಯ ಬೇರೆ. ಜಾಂಗ್ ಬಳಸಿದ 'ಮಾ ಹುವಾಂಗ್' ಗಿಡದಿಂದ ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಎಫಿಡ್ರಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅದು ಶ್ವಾಸನಾಳವನ್ನು ಹಿಗ್ಗಿಸುತ್ತದೆ, ಹಾಗಾಗಿ ಗಿಡಕ್ಕೆ ನಿಜವಾದ ಔಷಧ ಗುಣವಿತ್ತು. ಆದರೆ ಅದೇ ಎಫಿಡ್ರಿನ್ ರಕ್ತದೊತ್ತಡ ಏರಿಸಿ ಹೃದಯಕ್ಕೆ ಅಪಾಯ ತರಬಲ್ಲದು. ಈ ಗಿಡದ ಅಂಶವಿರುವ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಜೇಷ್ಠಮಧು ಹೆಚ್ಚು ದಿನ ಸೇವಿಸಿದರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ದಾಂಗ್‌ಗುಯ್‌ನಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನು ಕಿವಿಯ ಮಾತು. ಹಿಮಾಲಯಕ್ಕೆ ಚಾರಣ ಹೋಗುವವರು, ಹಿಮ ಬೀಳುವ ದೇಶಗಳಲ್ಲಿರುವವರು ಇದನ್ನು ತಿಳಿದಿರಬೇಕು. ವಿಪರೀತ ಚಳಿಗೆ ಕಿವಿ ಅಥವಾ ಬೆರಳು ಮರಗಟ್ಟಿ ಬಿಳಿಚಿದರೆ ಅದು ಫ್ರಾಸ್ಟ್‌ಬೈಟ್ ಇರಬಹುದು. ಸೂಪ್ ಕುಡಿದರೆ ಅದು ವಾಸಿಯಾಗುವುದಿಲ್ಲ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಒದ್ದೆ ಬಟ್ಟೆ ತೆಗೆದು ಬೆಚ್ಚಗಿನ ಜಾಗಕ್ಕೆ ಹೋಗಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದಿದ್ದರೆ ಮಾತ್ರ ಬೆರಳುಗಳನ್ನು 37ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಕಿವಿಗೆ ಅದೇ ನೀರಿನ ಬಟ್ಟೆ ಇಡಿ. ಬೇಗ ವೈದ್ಯರನ್ನು ಕಾಣಿ.

ಕಡುಬಿನ ಕಥೆ ಚೆನ್ನಾಗಿದೆ, ಕಥೆಯೆಂದು ಹೇಳಿ ಹಂಚಿಕೊಳ್ಳಲು ಅಡ್ಡಿಯಿಲ್ಲ. ಅದರ ಕೆಳಗೆ ಮೂಲಿಕೆಗಳ ಪಟ್ಟಿ, ದಿನಕ್ಕಿಷ್ಟು ಲೋಟ ಎಂಬ ಲೆಕ್ಕ ಇದ್ದರೆ ಮಾತ್ರ ಅಲ್ಲೇ ನಿಲ್ಲಿಸಿ. ನಿಮ್ಮ ಗುಂಪಿನಲ್ಲಿ ಬಿಪಿ ಮಾತ್ರೆ ನುಂಗುವ ಒಬ್ಬರಾದರೂ ಇದ್ದೇ ಇರುತ್ತಾರೆ.